ಕ್ವೀನ್ಸ್‌ಲ್ಯಾಂಡ್ ದನದ ಉದ್ಯಮದ ಅಧ್ಯಯನ ಪ್ರವಾಸ: ಚಿಲ್ಲರ್‌ನಿಂದ ಶುರು ಮಾಡಿ, ಹುಲ್ಲುಗಾವಲಿಗೆ ಬನ್ನಿ

ಪಶುವೈದ್ಯ ಅಥವಾ ಕೃಷಿ ಪದವಿ ಓದುತ್ತಿರುವವರನ್ನು ಆಸ್ಟ್ರೇಲಿಯಾದ ಮಾಂಸದ ದನಗಳ ಉದ್ಯಮ ತೋರಿಸಲು ಕರೆದೊಯ್ಯುವ ಪ್ರವಾಸಗಳು ಸಾಮಾನ್ಯವಾಗಿ ಒಂದೇ ಹಾದಿ ಹಿಡಿಯುತ್ತವೆ. ಮೊದಲು ಕಣ್ಣು ಹಾಯಿಸಿದಷ್ಟೂ ಹುಲ್ಲುಗಾವಲು, ಹೆಲಿಕಾಪ್ಟರಿನಿಂದ ದನ ಅಟ್ಟುವುದು. ಆಮೇಲೆ ಫೀಡ್‌ಲಾಟ್, ಅಂದರೆ ದೊಡ್ಡಿಯಲ್ಲಿ ಕೂಡಿ ಕಾಳು ತಿನ್ನಿಸಿ ಕೊಬ್ಬಿಸುವ ಜಾಗ. ಕೊನೆಗೆ ಸಮಯ ಉಳಿದರೆ ಕಸಾಯಿಖಾನೆ. ದನ ಹುಟ್ಟಿ, ಬೆಳೆದು, ಸಾಯುವ ಕ್ರಮ ಅದು. ಆದರೆ ಆ ಕ್ರಮದಲ್ಲಿ ಹೋದವರಿಗೆ ಹುಲ್ಲುಗಾವಲಿನಲ್ಲಿ ಏನು ಕೇಳಬೇಕು ಎಂಬುದೇ ಗೊತ್ತಿರುವುದಿಲ್ಲ. ಎಷ್ಟು ಎಕರೆ, ಎಷ್ಟು ದನ ಎಂದು ಕೇಳಿ, ಫೋಟೊ ತೆಗೆದುಕೊಂಡು ಬರುತ್ತಾರೆ.

ಹಾದಿಯನ್ನು ತಿರುವುಮುರುವು ಮಾಡಿ. ಮಾಂಸದ ಪ್ಲಾಂಟಿನ ಚಿಲ್ಲರ್‌ನಲ್ಲಿ, ಅಂದರೆ ಕಡಿದ ದನವನ್ನು ತಣ್ಣಗಿಡುವ ಕೋಣೆಯಲ್ಲಿ, ನೇತುಹಾಕಿದ ದೇಹವನ್ನು ಮೊದಲು ನೋಡಿ. ಅಲ್ಲಿ ಕಂಡ ಪ್ರತಿ ಕುರುಹಿಗೂ ಕಾರಣ ಹುಡುಕುತ್ತಾ ಫೀಡ್‌ಲಾಟ್, ಸಂತೆ, ಕೊನೆಗೆ ಹುಲ್ಲುಗಾವಲಿಗೆ ಬನ್ನಿ. ಕ್ವೀನ್ಸ್‌ಲ್ಯಾಂಡ್ ರಾಜ್ಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ದೇಶದಲ್ಲಿ ಅತಿ ಹೆಚ್ಚು ಮಾಂಸದ ದನಗಳೂ, ಫೀಡ್‌ಲಾಟ್ ದನಗಳಲ್ಲಿ ಅರ್ಧಕ್ಕಿಂತ ಹೆಚ್ಚೂ ಇಲ್ಲೇ ಇವೆ. ಬ್ರಿಸ್ಬೇನ್ ಪಕ್ಕದ ಇಪ್ಸ್ವಿಚ್‌ನ ದೊಡ್ಡ ಪ್ಲಾಂಟುಗಳು, ಪಶ್ಚಿಮಕ್ಕೆ ಡಾರ್ಲಿಂಗ್ ಡೌನ್ಸ್‌ನ ಫೀಡ್‌ಲಾಟುಗಳು, ಬ್ರಿಸ್ಬೇನ್‌ನಿಂದ ಸುಮಾರು 480 ಕಿ.ಮೀ. ದೂರದ ರೋಮಾ ಊರಿನ ದನದ ಸಂತೆ, ಅಲ್ಲಿಂದ ಈಶಾನ್ಯಕ್ಕೆ ಹೊರಳಿ ರಾಕ್‌ಹ್ಯಾಂಪ್ಟನ್ ಸುತ್ತಲಿನ ಬ್ರಾಹ್ಮನ್ ತಳಿಯ ದನಗಳ ಸ್ಟೇಷನ್‌ಗಳು, ಅಂದರೆ ದನ ಸಾಕುವ ದೊಡ್ಡ ಜಮೀನುಗಳು. ಹೀಗೆ ಒಂದೇ ಸುತ್ತಿನಲ್ಲಿ ಇಡೀ ಸರಪಳಿ ಸಿಗುತ್ತದೆ. ಡಾರ್ವಿನ್ ಬಂದರಿನಿಂದ ಇಂಡೊನೇಷ್ಯಾಕ್ಕೆ ಹಡಗಿನಲ್ಲಿ ಜೀವಂತ ದನ ಕಳಿಸುವ ವ್ಯವಹಾರ ಬೇರೆಯೇ ವಿಷಯ. 2011ರಲ್ಲಿ ಅದು ಸ್ಥಗಿತಗೊಂಡದ್ದು, ಆಮೇಲೆ ಬಂದ ನಿಯಮಗಳು, ಎಲ್ಲಕ್ಕೂ ಪ್ರತ್ಯೇಕ ಪ್ರವಾಸವೇ ಬೇಕು. ಇದರೊಳಗೆ ತುರುಕಬೇಡಿ.

ಹೊರಡುವ ಮೊದಲಿನ ತಯಾರಿಯಲ್ಲಿ ಎರಡು ವಿಷಯಗಳಿಗೆ ಗುಂಪುಗಳು ಎಡವುತ್ತವೆ. ಮೊದಲನೆಯದು ಕ್ಯೂ ಜ್ವರ. ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ರೋಗವನ್ನು 1930ರ ದಶಕದಲ್ಲಿ ಮೊದಲು ಗುರುತಿಸಿದ್ದೇ ಬ್ರಿಸ್ಬೇನ್‌ನ ಕಸಾಯಿಖಾನೆ ಕೆಲಸಗಾರರಲ್ಲಿ. ಗರ್ಭದ ನೀರು, ಮಾಸು, ಸಗಣಿ, ಗಂಜಲದಿಂದ ಗಾಳಿಗೆ ಸೇರಿ ಉಸಿರಿನ ಮೂಲಕ ಒಳಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಲಸಿಕೆ ಇದೆ, ಆದರೆ ಕೊಡುವ ಮೊದಲು ರಕ್ತಪರೀಕ್ಷೆ ಮತ್ತು ಚರ್ಮಪರೀಕ್ಷೆ ಕಡ್ಡಾಯ. ಚರ್ಮಪರೀಕ್ಷೆಯ ಫಲ ಓದಲು ಒಂದು ವಾರ ಕಾಯಬೇಕು, ಲಸಿಕೆ ಹಾಕಿದ ಮೇಲೆ ರಕ್ಷಣೆ ಬರಲು ಇನ್ನೂ ಎರಡು ವಾರ. ಮೊದಲೇ ಸೋಂಕು ತಗುಲಿದವರಿಗೆ ಈ ಲಸಿಕೆ ಹಾಕಿದರೆ ತೀವ್ರ ಪ್ರತಿಕ್ರಿಯೆ ಆಗಬಹುದು, ಅದಕ್ಕೇ ಈ ಪರೀಕ್ಷೆಗಳು. ಎರಡು ವಾರದ ಪ್ರವಾಸಕ್ಕೆ ಬಂದವರಿಗೆ ಇದು ಆಗದ ಮಾತು. ಹಾಗಾಗಿ ವಧೆಯ ವಿಭಾಗಕ್ಕೆ ಪ್ರವೇಶ ಸಿಗುವುದಿಲ್ಲ ಎಂದೇ ಭಾವಿಸಿ, ಚಿಲ್ಲರ್ ಮತ್ತು ಮೂಳೆ ಬಿಡಿಸುವ ಕೋಣೆಗೆ ಅನುಮತಿ ಕೇಳಿ. ಕಲಿಕೆಯ ಮುಕ್ಕಾಲು ಪಾಲು ಇರುವುದೂ ಅಲ್ಲೇ.

ಎರಡನೆಯದು ನಮ್ಮ ಬೂಟಿನ ಮಣ್ಣು. ಆಸ್ಟ್ರೇಲಿಯಾದಲ್ಲಿ 1872ರ ನಂತರ ಕಾಲುಬಾಯಿ ಜ್ವರ ಕಾಣಿಸಿಲ್ಲ, ಚರ್ಮಗಂಟು ರೋಗವೂ ಇಲ್ಲ. ನಮ್ಮಲ್ಲಿ ಎರಡೂ ಇವೆ. ವಿಮಾನದಲ್ಲಿ ಕೊಡುವ ಚೀಟಿಯಲ್ಲಿ, ಕಳೆದ 30 ದಿನಗಳಲ್ಲಿ ಹೊಲ, ಕೊಟ್ಟಿಗೆ, ಸಾಕುಪ್ರಾಣಿಗಳ ಸಂಪರ್ಕಕ್ಕೆ ಬಂದಿದ್ದೀರಾ ಎಂಬ ಪ್ರಶ್ನೆ ಇರುತ್ತದೆ. ಪಶುವೈದ್ಯ ವಿದ್ಯಾರ್ಥಿ 'ಇಲ್ಲ' ಎಂದು ಬರೆದರೆ ಅದು ಸುಳ್ಳು. 'ಹೌದು' ಎಂದೇ ಬರೆಯಿರಿ. ಅಧಿಕಾರಿಗಳು ಬೂಟು ನೋಡುತ್ತಾರೆ, ಬೇಕಾದರೆ ತೊಳೆಸುತ್ತಾರೆ, ಅಷ್ಟೇ. ಊರಲ್ಲಿ ಬಳಸಿದ ಗಂಬೂಟು, ಏಪ್ರನ್ ಒಯ್ಯಲೇ ಬೇಡಿ; ಅಲ್ಲೇ ಹೊಸದು ಕೊಳ್ಳಿ. ವಿಮಾನ ಇಳಿದ ಮರುದಿನವೇ ಜೀವಂತ ದನದ ಹತ್ತಿರ ಹೋಗುವ ಕಾರ್ಯಕ್ರಮ ಇಡಬೇಡಿ. ಎಷ್ಟು ದಿನ ಅಂತರ ಬೇಕು ಎಂದು ಪ್ರತಿ ಫೀಡ್‌ಲಾಟನ್ನೂ ಮೊದಲೇ ಬರೆದು ಕೇಳಿ. ಪ್ಲಾಂಟನ್ನು ಮೊದಲಿಟ್ಟುಕೊಂಡರೆ ಈ ಅಂತರವೂ ತಾನಾಗಿ ಸಿಗುತ್ತದೆ. ಆದರೆ ಪ್ಲಾಂಟಿನಲ್ಲಿ ತೊಟ್ಟ ಬಟ್ಟೆಯನ್ನು ಒಗೆಯದೆ ಫೀಡ್‌ಲಾಟಿಗೆ ತೊಡುವಂತಿಲ್ಲ.

ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಬೇಸಿಗೆಯ ಮಳೆಯಲ್ಲಿ ಕಪ್ಪುಮಣ್ಣಿನ ರಸ್ತೆಗಳು ಮುಚ್ಚುತ್ತವೆ. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಮುಂಜಾನೆಗೆ ಸ್ವೆಟರ್ ಇರಲಿ. ಮುಸ್ಸಂಜೆಯ ನಂತರ ಹೆದ್ದಾರಿಯಲ್ಲಿ ವಾಹನ ಓಡಿಸಬೇಡಿ. ಕಾಂಗರೂಗಳು ಅಡ್ಡ ಬರುತ್ತವೆ, 53 ಮೀಟರ್ ಉದ್ದದ ರೋಡ್ ಟ್ರೇನ್ ಲಾರಿಗಳನ್ನು ಹಿಂದಿಕ್ಕುವ ಅಂದಾಜು ನಮಗೆ ಸಿಗುವುದಿಲ್ಲ. ಗುಂಪಿನಲ್ಲಿ ಸಸ್ಯಾಹಾರಿಗಳು, ದನದ ಮಾಂಸ ತಿನ್ನದವರು ಇದ್ದರೆ ಸ್ಟೇಷನ್‌ನವರಿಗೆ ವಾರಗಳ ಮೊದಲೇ ಹೇಳಿ. ಅವರ ಹತ್ತಿರದ ಅಂಗಡಿ ನೂರು ಕಿಲೋಮೀಟರ್ ಆಚೆ ಇರಬಹುದು. ತಿನ್ನದೆಯೂ ಈ ವಿಷಯವನ್ನು ಪೂರ್ತಿಯಾಗಿ ಕಲಿಯಬಹುದು, ಇದರಲ್ಲಿ ಯಾರಿಗೂ ಸಂಕೋಚ ಬೇಡ. ಪ್ಲಾಂಟಿನೊಳಗೆ ಬರಲು ಮನಸ್ಸಿಲ್ಲದ ವಿದ್ಯಾರ್ಥಿಯನ್ನು ಒತ್ತಾಯಿಸುವುದೂ ಬೇಡ.

ಈಗ ಚಿಲ್ಲರ್. ಕರ್ನಾಟಕದಲ್ಲಿ 2021ರಿಂದ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಿಗಿಯಾಗಿದೆ. ನಮ್ಮ ವಿದ್ಯಾರ್ಥಿಗಳು ಮಾಂಸ ವಿಜ್ಞಾನ ಕಲಿಯುವುದು ಹೆಚ್ಚಾಗಿ ಕುರಿ, ಮೇಕೆ, ಹಂದಿ, ಕೋಳಿಯ ಮೇಲೆ. ಹಾಗಾಗಿ 300 ಕೆ.ಜಿ. ದೇಹದ ಮುಂದೆ ನಿಂತಾಗ ಎಲ್ಲಿ ನೋಡಬೇಕೆಂದು ತಿಳಿದಿರಬೇಕು. ಆಸ್ಟ್ರೇಲಿಯಾದಲ್ಲಿ ಎಂಎಸ್‌ಎ (ಮೀಟ್ ಸ್ಟ್ಯಾಂಡರ್ಡ್ಸ್ ಆಸ್ಟ್ರೇಲಿಯಾ) ಎಂಬ ಶ್ರೇಣೀಕರಣ ಪದ್ಧತಿ ಇದೆ. ದೇಹವನ್ನು ನೋಡಲು ಚೆಂದವೋ ಅಲ್ಲವೋ ಎಂದು ಅದು ಅಳೆಯುವುದಿಲ್ಲ. ಈ ತುಂಡನ್ನು ಹೀಗೆ ಬೇಯಿಸಿದರೆ ತಿನ್ನುವವರಿಗೆ ಹೇಗಿರುತ್ತದೆ ಎಂದು ಮುಂಗಾಣುತ್ತದೆ. ಸಾಮಾನ್ಯ ಗ್ರಾಹಕರಿಗೆ ರುಚಿ ನೋಡಲು ಕೊಟ್ಟು ಪಡೆದ ಅಂಕಗಳ ಮೇಲೆ ಇಡೀ ಲೆಕ್ಕ ನಿಂತಿದೆ.

ಪಕ್ಕೆಲುಬಿನ ಹತ್ತಿರ ಕತ್ತರಿಸಿ ತೆರೆದ ಸ್ನಾಯುವಿನ ಮೇಲೆ ಶ್ರೇಣೀಕರಣಗಾರ ಟಾರ್ಚ್ ಬಿಡುತ್ತಾನೆ. ಆಮ್ಲೀಯತೆ ಅಳೆಯುವ ಪಿಎಚ್ ಮೀಟರ್ ಚುಚ್ಚುತ್ತಾನೆ (ಪಿಎಚ್ ಇಳಿದಷ್ಟೂ ಆಮ್ಲ ಹೆಚ್ಚು). ಪಿಎಚ್ 5.70 ದಾಟಿದರೆ ಆ ದೇಹಕ್ಕೆ ಎಂಎಸ್‌ಎ ದರ್ಜೆ ಇಲ್ಲ. ಪಕ್ಕೆಲುಬಿನ ಮೇಲಿನ ಕೊಬ್ಬು ಕನಿಷ್ಠ 3 ಮಿ.ಮೀ. ಇರಬೇಕು. ಕೊಬ್ಬಿನ ಹೊದಿಕೆ ತೀರಾ ತೆಳುವಾದರೆ ಚಿಲ್ಲರ್‌ನಲ್ಲಿ ಸ್ನಾಯು ಬೇಗ ತಣ್ಣಗಾಗಿ ಸೆಟೆದುಕೊಳ್ಳುತ್ತದೆ. ಸ್ನಾಯುವಿನೊಳಗಿನ ಕೊಬ್ಬಿನ ಎಳೆಗಳಿಗೆ, ಅಂದರೆ ಮಾರ್ಬ್ಲಿಂಗ್‌ಗೆ, 100ರಿಂದ 1190ರವರೆಗೆ ಅಂಕ. ಬೆನ್ನೆಲುಬಿನ ಮೇಲ್ತುದಿಗಳ ಮೃದ್ವಸ್ಥಿ ಎಷ್ಟು ಮೂಳೆಯಾಗಿದೆ ಎಂಬುದಕ್ಕೆ 100ರಿಂದ 590ರವರೆಗೆ ಅಂಕ. ದನದ ವಯಸ್ಸಿನ ಜೊತೆ ಅದು ಅನುಭವಿಸಿದ ಕಷ್ಟವೂ ಇಲ್ಲಿ ದಾಖಲಾಗಿರುತ್ತದೆ. ಬರಗಾಲದಲ್ಲಿ ಸೊರಗಿ ಬೆಳೆದ ದನದ ಅಂಕ, ಅದೇ ವಯಸ್ಸಿನ ಚೆನ್ನಾಗಿ ಮೇಯ್ದ ದನಕ್ಕಿಂತ ಹೆಚ್ಚಿರುತ್ತದೆ. ಹಿಣಿಲಿನ ಎತ್ತರವನ್ನೂ ಸ್ಕೇಲ್ ಇಟ್ಟು ಅಳೆಯುತ್ತಾರೆ. ಹಿಣಿಲು ಎತ್ತರವಿದ್ದಷ್ಟೂ ಬ್ರಾಹ್ಮನ್ ರಕ್ತ ಹೆಚ್ಚು, ಕೆಲವು ತುಂಡುಗಳ ಮೃದುತ್ವ ಕಡಿಮೆ ಎಂಬ ಲೆಕ್ಕ.

ವಿದ್ಯಾರ್ಥಿಗಳಿಗೆ ಮುಖ್ಯವಾಗಿ ತೋರಿಸಬೇಕಾದದ್ದು ಕಪ್ಪು ಮಾಂಸ. ಸ್ನಾಯುವಿನಲ್ಲಿ ಗ್ಲೈಕೊಜೆನ್, ಅಂದರೆ ಶಕ್ತಿಗಾಗಿ ಕೂಡಿಟ್ಟ ಸಕ್ಕರೆ, ಸಾಕಷ್ಟಿದ್ದರೆ ದನ ಸತ್ತ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಪಿಎಚ್ ಇಳಿಯುತ್ತದೆ, ಮಾಂಸ ಕೆಂಪಾಗುತ್ತದೆ. ಕೊನೆಯ ವಾರಗಳಲ್ಲಿ ಮೇವು ಸಾಲದಿದ್ದರೆ, ಗೊತ್ತಿಲ್ಲದ ದನಗಳ ಜೊತೆ ಬೆರೆಸಿ ಗುದ್ದಾಟವಾಗಿದ್ದರೆ, ನಾಯಿ ಬಿಟ್ಟು ಓಡಿಸಿದ್ದರೆ, ಗ್ಲೈಕೊಜೆನ್ ಮೊದಲೇ ಖರ್ಚಾಗಿರುತ್ತದೆ. ಪಿಎಚ್ ಇಳಿಯುವುದಿಲ್ಲ. ಮಾಂಸ ಕಪ್ಪಾಗಿ ಉಳಿದು ಬೇಗ ಕೆಡುತ್ತದೆ, ರೈತನಿಗೆ ಪ್ರತಿ ಕಿಲೋಗೂ ದಂಡ ಬೀಳುತ್ತದೆ. ಲಾರಿ ಹತ್ತಿಸುವ ಮೊದಲಿನ ಎರಡು ವಾರ ಗುಂಪುಗಳನ್ನು ಬೆರೆಸಬಾರದು ಎಂಬ ಎಂಎಸ್‌ಎ ನಿಯಮ ಹುಟ್ಟಿದ್ದು ಇಲ್ಲಿಂದ. ಪ್ರಾಣಿಯನ್ನು ಒರಟಾಗಿ ನಡೆಸಿಕೊಂಡದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇರೆಲ್ಲೂ ಸಿಗದು. ಸ್ನಾಯು ತಣ್ಣಗಾಗುವ ವೇಗವನ್ನೂ ಕೇಳಿ. ಪಿಎಚ್ 6 ತಲುಪುವಾಗ ಸ್ನಾಯುವಿನ ಉಷ್ಣತೆ 12ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಶೀತದಿಂದ ಮುದುಡುತ್ತದೆ, ಬಿಸಿಯಿದ್ದರೆ ಶಾಖದಿಂದ ಗಡುಸಾಗುತ್ತದೆ. ಕೊಬ್ಬು ದಪ್ಪನಾದ, ಕಾಳು ತಿಂದ ಭಾರೀ ದನಗಳಲ್ಲಿ ಎರಡನೆಯದೇ ಹೆಚ್ಚು.

ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಡಾರ್ಲಿಂಗ್ ಡೌನ್ಸ್‌ಗೆ ಹೊರಡಿ. ಟೂವೂಂಬಾ ದಾಟಿ ಡಾಲ್ಬಿ ಕಡೆಗೆ ಹೋದರೆ ಜೋಳ, ಬಾರ್ಲಿ, ಗೋಧಿ, ಹತ್ತಿ ಬೆಳೆಯುವ ಕಪ್ಪುನೆಲ, ಅದರ ನಡುವೆ ಸಾವಿರಾರು ದನಗಳ ಫೀಡ್‌ಲಾಟುಗಳು. ಕಾಳು ತಿಂದ ದನ ಎಂಬ ಹೆಸರಿಗೆ ಕನಿಷ್ಠ 100 ದಿನ ತಿನ್ನಿಸಬೇಕಾದ ದರ್ಜೆ ಇದೆ, ವಾಗ್ಯು ತಳಿಯನ್ನು 300 ದಿನ ದಾಟಿಯೂ ಇಡುತ್ತಾರೆ. ಪ್ರತಿ ದೊಡ್ಡಿಯಲ್ಲಿ ದನಕ್ಕೆ ಕನಿಷ್ಠ 9 ಚದರ ಮೀಟರ್ ಜಾಗ. ನೆಲಕ್ಕೆ ಶೇ 2.5ರಿಂದ 4ರಷ್ಟು ಇಳಿಜಾರು. ಇಳಿಜಾರು ಕಡಿಮೆಯಾದರೆ ಸಗಣಿ ಕೆಸರಾಗಿ ಗೊರಸು ಕೊಳೆಯುತ್ತದೆ, ಹೆಚ್ಚಾದರೆ ಮಳೆನೀರು ಸಗಣಿಯನ್ನು ಕೊಚ್ಚಿಕೊಂಡು ಹೋಗುತ್ತದೆ.

ಬೆಳಗಿನ ಜಾವವೇ ಹೋಗಿ. ಗೋದಲಿ ಓದುವವನ ಕೆಲಸ ನಡೆಯುವುದು ಆಗ. ನಿನ್ನೆ ಹಾಕಿದ್ದರಲ್ಲಿ ಎಷ್ಟು ಉಳಿದಿದೆ, ನೆಕ್ಕಿ ನುಣ್ಣಗೆ ಮಾಡಿವೆಯೇ, ದನಗಳು ಸಾಲುಗಟ್ಟಿ ಕಾಯುತ್ತಿವೆಯೇ ಎಂದು ನೋಡಿ ಇವತ್ತಿನ ಪ್ರಮಾಣ ನಿರ್ಧರಿಸುತ್ತಾನೆ. ಫೀಡ್‌ಲಾಟಿನ ಲಾಭ ನಷ್ಟ ಈತನ ಕಣ್ಣಿನಲ್ಲಿದೆ. ಹುಲ್ಲು ತಿಂದು ಬಂದ ದನಕ್ಕೆ ಒಮ್ಮೆಲೇ ಕಾಳು ಸುರಿದರೆ ಮೊದಲ ಹೊಟ್ಟೆಯಲ್ಲಿ ಪಿಷ್ಟ ಭರದಿಂದ ಹುದುಗಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ಪಿಎಚ್ 5ಕ್ಕಿಂತ ಕೆಳಗಿಳಿದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೆ ಮೂರು ನಾಲ್ಕು ಹಂತಗಳ ಮೇವು. ಶುರುವಿನದರಲ್ಲಿ ಒರಟು ಮೇವು ಶೇ 40ರ ಹತ್ತಿರ, ಎರಡು ಮೂರು ವಾರಗಳಲ್ಲಿ ಇಳಿಸುತ್ತಾ ಕೊನೆಯ ಮೇವಿನಲ್ಲಿ ಶೇ 10ರ ಆಸುಪಾಸು. ಎಡವಟ್ಟಾಗುವುದು ಹೆಚ್ಚಾಗಿ ಹಂತ ಬದಲಾಯಿಸುವ ದಿನಗಳಲ್ಲಿ ಮತ್ತು ಮಳೆಯಿಂದ ಒಂದು ಹೊತ್ತು ತಪ್ಪಿ, ಹಸಿದ ದನಗಳು ಮರುದಿನ ಮುಗಿಬಿದ್ದಾಗ. ಬೂದುಬಣ್ಣದ, ನೊರೆಗುಳ್ಳೆಗಳಿರುವ ತೆಳು ಸಗಣಿ ಕಂಡರೆ ಆ ದೊಡ್ಡಿಯಲ್ಲಿ ಆಮ್ಲ ಏರಿದೆ ಎಂದರ್ಥ. ಬದುಕಿದವಕ್ಕೂ ಮುಂದೆ ಗೊರಸಿನ ಉರಿಯೂತ, ಯಕೃತ್ತಿನಲ್ಲಿ ಕೀವುಗಡ್ಡೆ ಕಾದಿರುತ್ತವೆ. ಚಿಲ್ಲರ್ ನೋಡಿ ಬಂದವರು ಇಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಬೇಕು: ಪ್ಲಾಂಟಿನಲ್ಲಿ ತಿರಸ್ಕೃತವಾದ ಯಕೃತ್ತುಗಳ ಲೆಕ್ಕ ನಿಮಗೆ ವಾಪಸು ಬರುತ್ತದೆಯೇ?

ಆಗ ತಾನೇ ಬಂದ ದನಗಳಲ್ಲಿ ಮೊದಲ ತಿಂಗಳು ಕಾಡುವುದು ಉಸಿರಾಟದ ಸೋಂಕು. ಹಲವು ಊರುಗಳ ದನ ಬೆರೆತದ್ದು, ಪ್ರಯಾಣದ ದಣಿವು, ಧೂಳು, ವೈರಸ್, ಮೇಲೆ ಮ್ಯಾನ್‌ಹೈಮಿಯಾ ಬ್ಯಾಕ್ಟೀರಿಯಾ. ಕುದುರೆ ಏರಿದ ಕೆಲಸಗಾರರು ದಿನವೂ ದೊಡ್ಡಿ ಸುತ್ತಿ, ಕಿವಿ ಜೋತ, ಗೋದಲಿಗೆ ಹಿಂದೆ ಬೀಳುವ ದನವನ್ನು ಬೇರ್ಪಡಿಸುತ್ತಾರೆ. ಬೇಸಿಗೆಯಲ್ಲಿ ಇನ್ನೊಂದು ಆತಂಕ ಶಾಖದ್ದು. ಹಗಲಿನ ಬಿಸಿಲಿಗಿಂತ ತಂಪಾಗದ ರಾತ್ರಿಗಳು ಸಾಲಾಗಿ ಬಂದಾಗ ಹೆಚ್ಚು ಅಪಾಯ, ಏಕೆಂದರೆ ದನಕ್ಕೆ ಒಳಗಿನ ಶಾಖ ಹೊರಹಾಕಲು ಬಿಡುವೇ ಸಿಗುವುದಿಲ್ಲ. ಕಪ್ಪು ಮೈಯ, ಕೊಬ್ಬಿದ ಆಂಗಸ್ ದನಗಳು ಮೊದಲು ಏದುಸಿರು ಬಿಡುತ್ತವೆ. ಕಿವಿಯ ಹಿಂಭಾಗದಲ್ಲಿ ಚರ್ಮದಡಿ ಇಡುವ ಬೆಳವಣಿಗೆಯ ಹಾರ್ಮೋನಿನ ಬಗ್ಗೆಯೂ ನೇರವಾಗಿ ಕೇಳಿ, ಅವರು ಮುಚ್ಚಿಡುವುದಿಲ್ಲ. ಯುರೋಪಿಯನ್ ಒಕ್ಕೂಟ ಅಂಥ ಮಾಂಸ ಕೊಳ್ಳುವುದಿಲ್ಲ. ಆ ಮಾರುಕಟ್ಟೆಗೆ ಹೋಗುವ ದನಗಳು ಹುಟ್ಟಿನಿಂದಲೂ ಪ್ರತ್ಯೇಕ ನೋಂದಣಿಯ ಜಮೀನುಗಳಲ್ಲೇ ಇರಬೇಕು.

ಈ ಎಲ್ಲ ಗುರುತು ಸಾಧ್ಯವಾಗುವುದು ಕಿವಿಯ ಬಿಲ್ಲೆಯಿಂದ. ನಮ್ಮ ಹಳದಿ ಬಿಲ್ಲೆಯ 12 ಅಂಕಿಗಳನ್ನು ಬಹುತೇಕ ಕಣ್ಣಲ್ಲಿ ಓದಿ ಮೊಬೈಲಿಗೆ ತುಂಬುತ್ತೇವೆ. ಅಲ್ಲಿ ಬಿಲ್ಲೆಯೊಳಗೆ ರೇಡಿಯೊ ಚಿಪ್ ಇದ್ದು, ದನ ಓಣಿಯಲ್ಲಿ ನಡೆದುಹೋದರೆ ಸಾಕು. ಹುಟ್ಟಿದ ಜಮೀನಿನಲ್ಲಿ ಹಾಕಿದ್ದು ಬಿಳಿ ಬಿಲ್ಲೆ, ಅದು ಬಿದ್ದುಹೋಗಿ ಬೇರೆ ಕಡೆ ಹಾಕಿದ್ದು ಕಿತ್ತಳೆ. ಪ್ರತಿ ಜಮೀನಿಗೂ ಎಂಟು ಅಕ್ಷರದ ಸಂಕೇತ. ದನ ಕೈ ಬದಲಾದರೆ ಎರಡು ದಿನದೊಳಗೆ ದತ್ತಾಂಶದಲ್ಲಿ ದಾಖಲಾಗಬೇಕು. ಜೊತೆಗೆ ಮಾರುವವನು ಸಹಿ ಹಾಕಿದ ಘೋಷಣಾ ಪತ್ರ: ಯಾವ ಔಷಧಿ ಕೊಟ್ಟಿದೆ, ಅದರ ಕಾಯುವ ಅವಧಿ ಮುಗಿದಿದೆಯೇ, ಏನು ತಿನ್ನಿಸಿದೆ. ಈ ಪತ್ರದ ಒಂದು ಖಾಲಿ ನಮೂನೆ ಕೇಳಿ ತನ್ನಿ. ನಮ್ಮ ಹಾಲಿನ ಸಂಘಗಳಲ್ಲಿ ಆಂಟಿಬಯೋಟಿಕ್ ಉಳಿಕೆಯ ವಿಷಯ ಚರ್ಚಿಸಲು ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ರೋಮಾ ಸಂತೆಗೆ ಮಂಗಳವಾರ ಸೇರುವಂತೆ ಯೋಜಿಸಿ. ಸಾಕಲು ಕೊಳ್ಳುವ ದನಗಳ ದೊಡ್ಡ ಹರಾಜು ಅಂದೇ. ಕಟ್ಟೆಯ ಮೇಲೆ ಏಜೆಂಟ್ ನಡೆಯುತ್ತಾ ಕಿಲೋಗೆ ಇಷ್ಟು ಸೆಂಟ್ ಎಂದು ಕೂಗುವ ವೇಗ ಮೊದಲಿಗೆ ಅರ್ಥವಾಗುವುದಿಲ್ಲ. ದರ ಹಿಡಿಯುವ ಬದಲು ಒಂದು ದೊಡ್ಡಿಯ ದನಗಳನ್ನು ನೀವೇ ಅಂದಾಜು ಮಾಡಿ: ತೂಕ, ಹಲ್ಲು, ಸೊಂಟದ ಮೇಲಿನ ಕೊಬ್ಬು. ಹಲ್ಲಿನ ಲೆಕ್ಕ ನಮ್ಮ ದನದ ಜಾತ್ರೆಯದೇ: ಎರಡು ಹಲ್ಲು, ನಾಲ್ಕು, ಆರು, ಬಾಯಿಗೂಡಿದ್ದು. ಕೊಬ್ಬನ್ನು 1ರಿಂದ 6ರವರೆಗೆ ಎಣಿಸುತ್ತಾರೆ, 7ರಿಂದ 12 ಮಿ.ಮೀ. ಇದ್ದರೆ 3. ಹೊಟ್ಟೆಯಲ್ಲಿ ನೀರು, ಮೇವು ತುಂಬಿದ ದನದ ತೂಕ ಮೋಸ ಮಾಡುತ್ತದೆ, ಅದಕ್ಕೆ ತೂಗುವ ಮೊದಲು ಇಷ್ಟು ಗಂಟೆ ಮೇವು ನೀರು ಇಲ್ಲದೆ ನಿಲ್ಲಿಸಬೇಕೆಂಬ ಕರಾರು ಇರುತ್ತದೆ. ಕರಾರು ತಿಳಿಯದೆ ಎರಡು ಸಂತೆಗಳ ದರ ಹೋಲಿಸಬೇಡಿ.

ಈಗ ರಾಕ್‌ಹ್ಯಾಂಪ್ಟನ್. ಇಲ್ಲಿಂದ ಮುಂದೆ ಎಲ್ಲೆಲ್ಲೂ ಹಿಣಿಲಿನ ದನ. 1933ರಲ್ಲಿ ಅಮೆರಿಕದಿಂದ ಕ್ವೀನ್ಸ್‌ಲ್ಯಾಂಡಿಗೆ ಬಂದ ಬ್ರಾಹ್ಮನ್ ತಳಿಯನ್ನು ಅಮೆರಿಕನ್ನರು ಕಟ್ಟಿದ್ದು ಭಾರತದ ಗೀರ್, ಕಾಂಕ್ರೇಜ್, ಓಂಗೋಲ್ ದನಗಳಿಂದ, ಸ್ವಲ್ಪ ಮಟ್ಟಿಗೆ ನಮ್ಮ ಕೃಷ್ಣಾ ತೀರದ ತಳಿಯಿಂದ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎರೆಭೂಮಿಯ ಆ ತಳಿ ಇಂದು ತವರಲ್ಲೇ ಅಪರೂಪ. ಅದರ ರಕ್ತದ ಬೆಲೆ ಏನೆಂದು ಇಲ್ಲಿ ತಿಳಿಯುತ್ತದೆ. ದನದ ಉಣ್ಣೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳು, ಈ ನೆಲದ ಹಳೆಯ ಶತ್ರು. ಒಂದು ಹೆಣ್ಣುಣ್ಣೆ ಮೂರು ವಾರ ದನದ ಮೈಮೇಲೆ ಬೆಳೆದು, ಉದುರಿ, ಸಾವಿರಾರು ಮೊಟ್ಟೆ ಇಡುತ್ತದೆ. ಬ್ರಿಟಿಷ್ ತಳಿಗಳು ಅದಕ್ಕೂ ಅದು ತರುವ ಜ್ವರಕ್ಕೂ ಸಾಯುತ್ತಿದ್ದ ಕಡೆ ಬ್ರಾಹ್ಮನ್ ತಳಿ ನಿಂತಿತು. ರಾಕ್‌ಹ್ಯಾಂಪ್ಟನ್ ಪಕ್ಕದ ಬೆಲ್ಮಾಂಟ್ ಕೇಂದ್ರದಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ವಿಜ್ಞಾನಿಗಳು ಉಣ್ಣೆ ನಿರೋಧ, ಶಾಖ ಸಹಿಷ್ಣುತೆಯನ್ನು ಅಳೆದು ಬೆಲ್ಮಾಂಟ್ ರೆಡ್ ತಳಿಯನ್ನೇ ಕಟ್ಟಿದರು. ಚಿಲ್ಲರ್‌ನಲ್ಲಿ ಹಿಣಿಲಿಗೆ ಬಿದ್ದ ಅಂಕದ ಕಡಿತ ನೆನಪಿದೆಯಲ್ಲ? ಸಂಕರದಲ್ಲಿ ಎಷ್ಟು ಬ್ರಾಹ್ಮನ್ ರಕ್ತ ಇಡಬೇಕು ಎಂಬುದು ಉಣ್ಣೆ ಮತ್ತು ಆ ಸ್ಕೇಲಿನ ನಡುವಿನ ಲೆಕ್ಕ. ಒಡೆಯರ ಜೊತೆ ಗಂಟೆಗಟ್ಟಲೆ ಚರ್ಚಿಸಲು ಇದೊಂದೇ ಪ್ರಶ್ನೆ ಸಾಕು.

ಉಣ್ಣೆ ಜ್ವರಕ್ಕೆ ಬ್ರಿಸ್ಬೇನ್‌ನ ವಾಕೋಲ್‌ನಲ್ಲಿ ಸರ್ಕಾರಿ ಕೇಂದ್ರ ಜೀವಂತ ಲಸಿಕೆ ತಯಾರಿಸುತ್ತದೆ. ಈ ಜ್ವರ ತರುವ ರೋಗಾಣುಗಳಾದ ಬೆಬೀಸಿಯಾದ ಎರಡು ಬಗೆ ಮತ್ತು ಅನಾಪ್ಲಾಸ್ಮಾ ಸೇರಿದ ಇದನ್ನು ಮೂರರಿಂದ ಒಂಬತ್ತು ತಿಂಗಳ ಕರುಗಳಿಗೆ ಹಾಕುತ್ತಾರೆ, ಆ ವಯಸ್ಸಿನಲ್ಲಿ ಕರುವಿಗೆ ಸ್ವಾಭಾವಿಕ ತಡೆ ಇರುತ್ತದೆ. ತಣ್ಣಗಿಟ್ಟ ಲಸಿಕೆ ಕೆಲವೇ ದಿನ ಬಾಳುತ್ತದೆ. ದನಕ್ಕೆ ಕೆಂಪು ಮೂತ್ರ ಕಂಡು ಗಾಬರಿಯಾದ ನಮ್ಮ ಎಚ್‌ಎಫ್ ಮಿಶ್ರತಳಿ ಸಾಕಣೆಗಾರರ ಸಮಸ್ಯೆಯೂ ಇದೇ ಕುಟುಂಬದ್ದು, ಹಾಗಾಗಿ ಲಸಿಕೆ ಸಾಗಣೆಯ ವ್ಯವಸ್ಥೆಯನ್ನು ವಿವರವಾಗಿ ಬರೆದುಕೊಳ್ಳಿ. ಉಣ್ಣೆ ಇರುವ ಮತ್ತು ಇಲ್ಲದ ಪ್ರದೇಶಗಳ ನಡುವೆ ಗಡಿ ಎಳೆದಿದ್ದಾರೆ. ಆ ಕಡೆಯಿಂದ ಈ ಕಡೆಗೆ ದನ ದಾಟಬೇಕಾದರೆ ತಪಾಸಣೆ, ಔಷಧಿ ಆಗಲೇಬೇಕು.

ಸುಬಾಬುಲ್ ತೋಟ ನೋಡದೆ ಬರಬೇಡಿ. ನಾವು ಬೇಲಿಗೆ, ಮೇಕೆಗೆ ಬಳಸುವ ಅದೇ ಗಿಡವನ್ನು ಅಲ್ಲಿ ಆರರಿಂದ ಹತ್ತು ಮೀಟರ್ ಅಂತರದ ಸಾಲುಗಳಲ್ಲಿ ಹಾಕಿ, ನಡುವೆ ಹುಲ್ಲು ಬೆಳೆದು ದನ ಬಿಡುತ್ತಾರೆ. ವರ್ಷಕ್ಕೆ ದನವೊಂದು 250 ಕೆ.ಜಿ. ದಾಟಿ ಮೈತುಂಬಿಕೊಳ್ಳುತ್ತದೆ. ತೊಡಕು ಆ ಗಿಡದಲ್ಲಿರುವ ಮಿಮೋಸಿನ್ ಎಂಬ ವಸ್ತು. ಹೊಟ್ಟೆಯಲ್ಲಿ ಅದು ಒಡೆದು ಡಿಎಚ್‌ಪಿ ಎಂಬ ವಿಷವಾಗಿ ಥೈರಾಯ್ಡ್ ಊದುತ್ತದೆ, ಬಾಲದ ಕೂದಲು ಉದುರುತ್ತದೆ, ದನ ತಿನ್ನುತ್ತಲೇ ಸೊರಗುತ್ತದೆ. ಹವಾಯಿಯ ಮೇಕೆಗಳಿಗೆ ಇದು ತಟ್ಟದ್ದನ್ನು ಗಮನಿಸಿದ ಸಿಎಸ್‌ಐಆರ್‌ಒ ವಿಜ್ಞಾನಿ ರೇಮಂಡ್ ಜೋನ್ಸ್, ಅವುಗಳ ಹೊಟ್ಟೆಯ ಬ್ಯಾಕ್ಟೀರಿಯಾವನ್ನು 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾಕ್ಕೆ ತಂದರು. ಮುಂದೆ ಅದಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಅವರದೇ ಹೆಸರು ಬಂತು. ಗುಂಪಿನ ಕೆಲವು ದನಗಳಿಗೆ ಆ ಬ್ಯಾಕ್ಟೀರಿಯಾ ಇರುವ ದ್ರವ ಕುಡಿಸಿದರೆ ಉಳಿದವಕ್ಕೆ ತಾನೇ ಹರಡುತ್ತದೆ.

ಯಾರ್ಡಿನಲ್ಲಿ ದನ ಓಡಾಡುವಾಗ ಪ್ರವಾಸಿಗರು ಓಣಿಯ ಬಾಯಿಯಲ್ಲಿ ನಿಲ್ಲಬಾರದು. ದನ ನಿಮ್ಮನ್ನು ನೋಡಿ ನಿಂತುಬಿಡುತ್ತದೆ, ಹಿಂದಿನವು ಮೇಲೇರುತ್ತವೆ. ಭುಜದ ಗೆರೆಯ ಹಿಂದೆ ಹೆಜ್ಜೆ ಇಟ್ಟರೆ ದನ ಮುಂದೆ ಹೋಗುತ್ತದೆ, ಮುಂದೆ ಇಟ್ಟರೆ ಹಿಂದೆ ಸರಿಯುತ್ತದೆ. ತೆರೆದಿದ್ದ ಗೇಟು ತೆರೆದೇ ಇರಲಿ, ಮುಚ್ಚಿದ್ದದ್ದು ಮುಚ್ಚೇ ಇರಲಿ. ಚಿಲಕ ಹಾಕಿರದ ಗೇಟಿನ ಹಿಂದೆ ಯಾರೂ ನಿಲ್ಲಬೇಡಿ. ದನ ಗುದ್ದಿದರೆ ಕಬ್ಬಿಣದ ಗೇಟು ನೇರ ಮುಖಕ್ಕೆ ಬರುತ್ತದೆ.

ಕೊನೆಗೆ ನೆಕ್ಕುವ ಖನಿಜದ ತೊಟ್ಟಿಗಳ ಹತ್ತಿರ ನಿಲ್ಲಿ. ಉತ್ತರದ ನೆಲದಲ್ಲಿ ರಂಜಕ ಕಡಿಮೆ. ಕೊರತೆಯಾದ ದನ ಸತ್ತ ಪ್ರಾಣಿಯ ಮೂಳೆ ಕಡಿಯುತ್ತದೆ, ಅದರಿಂದ ಬೊಟ್ಯುಲಿಸಂ ಎಂಬ ವಿಷಬಾಧೆ ತಗುಲಿ ಸಾಯುತ್ತದೆ. ಹಾಗಾಗಿ ಆ ಲಸಿಕೆ ಅಲ್ಲಿ ವಾಡಿಕೆ. ರಂಜಕ ಕೊಡಬೇಕಾದದ್ದು ಹಸಿರು ಹುಲ್ಲು ಇರುವ ಮಳೆಗಾಲದಲ್ಲಿ, ಏಕೆಂದರೆ ದನ ಬೆಳೆಯುವುದು ಆಗ. ಮಳೆಗಾಲದಲ್ಲಿ ತೊಟ್ಟಿಯವರೆಗೆ ಲಾರಿ ಹೋಗಲಾರದು ಎಂಬ ಕಾರಣಕ್ಕೆ ಹಲವರು ಒಣಗಾಲದಲ್ಲಿ ಮಾತ್ರ ಕೊಡುತ್ತಾರೆ, ಅದರ ಪ್ರಯೋಜನ ಅಷ್ಟಕ್ಕಷ್ಟೆ. ಒಣಗಾಲದಲ್ಲಿ ಬೇಕಾದದ್ದು ಸಾರಜನಕ, ಅಂದರೆ ಯೂರಿಯಾ. ನಮ್ಮಲ್ಲಿ 100 ಕೆ.ಜಿ. ಭತ್ತದ ಹುಲ್ಲಿಗೆ 4 ಕೆ.ಜಿ. ಯೂರಿಯಾ ಹಾಕಿ ಪೌಷ್ಟೀಕರಿಸುವುದರ ಹಿಂದಿನ ತತ್ವವೇ ಇದು. ಅಪಾಯ ಬರುವುದು ಅಕಾಲದ ಮಳೆ ಬಿದ್ದು ತೊಟ್ಟಿಯಲ್ಲಿ ನೀರು ನಿಂತಾಗ. ಯೂರಿಯಾ ಕರಗಿದ ಆ ನೀರನ್ನು ಹಸಿದ ದನ ಕುಡಿದರೆ ಮೈ ಅದುರಿ, ಹೊಟ್ಟೆ ಉಬ್ಬಿ, ತೊಟ್ಟಿಯ ಪಕ್ಕದಲ್ಲೇ ಬೀಳುತ್ತದೆ. ಬೇಗ ಕಂಡರೆ ವಿನೆಗರ್ ಕುಡಿಸಬಹುದು, ಆದರೆ ಸಾವಿರಾರು ಎಕರೆಯಲ್ಲಿ ಬೇಗ ಕಾಣುವವರು ಯಾರು? ಅದಕ್ಕೇ ತೊಟ್ಟಿಗೆ ಸೂರು ಹಾಕುತ್ತಾರೆ, ತಳದಲ್ಲಿ ತೂತು ಕೊರೆಯುತ್ತಾರೆ. ಆ ತೂತುಗಳು ಕಟ್ಟಿಕೊಂಡಿವೆಯೇ ಎಂದು ಬಗ್ಗಿ ನೋಡಿ, ಎಷ್ಟು ದಿನಕ್ಕೊಮ್ಮೆ ಶುಚಿ ಮಾಡುತ್ತಾರೆಂದು ಕೇಳಿ.